ಲಿಂಗಕ್ಕೆ ತೋರಿಸಿದ ಹಾಲು

"ಇದು ಯಾವ ಪ್ರಾಣಿದು, ಬೇಟಿ?" ಎಂದು ರೆಹಮತ್‌ಬಿ ಕೇಳಿದಾಗ ಭಾಗ್ಯಶ್ರೀಗೆ ಮೊದಲು ಬಂದದ್ದು ನಗು.

ವಿದ್ಯಾನಗರದ ಆ ಬ್ಯೂಟಿ ಪಾರ್ಲರಿನಲ್ಲಿ ಆಗ ಹನ್ನೊಂದು ಗಂಟೆ. ಮುಖದ ಮಸಾಜು ಮುಗಿಸಿಕೊಂಡು ರೆಹಮತ್‌ಬಿ ಕನ್ನಡಿಯ ಮುಂದೆ ಟವೆಲಿನಿಂದ ಕಿವಿಯ ಹಿಂದೆ ಒರೆಸಿಕೊಳ್ಳುತ್ತ ಕೂತಿದ್ದಳು. ಉರ್ದು ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದ ಹೆಂಗಸು. ಮುಂದಿನ ತಿಂಗಳು ಮೊಮ್ಮಗಳ ನಿಕಾ. ಫೋಟೋದಲ್ಲಿ ತನ್ನ ಗಲ್ಲ ಜೋತು ಬಿದ್ದು ಕಾಣಬಾರದು ಎನ್ನುವುದಷ್ಟೇ ಅವಳ ಬೇಡಿಕೆ. ಅದಕ್ಕೆಂದೇ ಭಾಗ್ಯಶ್ರೀ ಕೊಲಾಜಿನ್ ಪುಡಿಯ ಡಬ್ಬಿಯನ್ನು ಕೈಗೆತ್ತಿಕೊಂಡು ತನ್ನ ಕಂಠಪಾಠ ಒಪ್ಪಿಸಿದ್ದಳು.

"ನೋಡ್ರಿ ಖಾಲಾ, ಕೊಲಾಜಿನ್ ಅಂದ್ರ ಮೈಯಾಗಿನ ಹಗ್ಗ ಇದ್ದಂಗ. ಹೊರಸಿನ ಹಗ್ಗ ಬಿಗಿ ಇದ್ರ ಮಲಗಿದವ್ರಿಗೆ ಛಲೋ, ಸಡಲ ಬಿತ್ತಂದ್ರ ನಡುವ ಜೋಲ್ತೈತಿ. ಚರ್ಮದಾಗ, ಎಲುಬಿನ್ಯಾಗ, ಕೀಲಿನ್ಯಾಗ ಎಲ್ಲಾ ಕಡೆ ಅದ ಹಗ್ಗ. ಮೂವತ್ತು ದಾಟೂದ ತಡ, ಮೈ ಹೊಸಾ ಹಗ್ಗ ಹೊಸಿಯೂದು ಕಡಿಮಿ ಮಾಡ್ತೈತಿ. ಕ್ರೀಮ್ ಹಚ್ಚಿದ್ರ ಮ್ಯಾಲಿನ ಚರ್ಮ ಮೆತ್ತಗಾಕ್ಕೈತಿ ಅಷ್ಟ, ಒಳಗ ಇಳಿಯೂದಿಲ್ಲ. ಅದರ ಕಣ ದೊಡ್ಡದು. ಅದಕ್ಕ ಈ ಪುಡಿ. ದಿನಾ ಹಾಲಿನಾಗ ಒಂದು ಚಮಚ."

ಮೂರು ವರ್ಷದಿಂದ ಇದೇ ಮಾತು. ಹೇಳುವವಳ ನಾಲಿಗೆ ಸವೆದಿತ್ತು, ಕೇಳುವವರಿಗೆ ಮಾತ್ರ ದಿನಾ ಹೊಸದು. ಆದರೆ ಗಣಿತ ಕಲಿಸಿದವರು ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ?

"ಹಗ್ಗ ಅಂದಿ, ಖರೇ. ಹಗ್ಗ ನಾರಿಂದ ಆಕ್ಕೈತಿ. ಈ ಪುಡಿ ಎದರಿಂದ ಮಾಡ್ಯಾರ? ನಾವು ಕೇಳಬೇಕಾಕ್ಕೈತಿ ಬೇಟಿ. ಹಂದಿದಾದ್ರ ನಮಗ ಹರಾಮ್. ಬ್ಯಾರೆದ್ದಾದ್ರ ಹೆಂಗ ಕೊಯ್ದಾರ ಅಂತ ತಿಳಕೋಬೇಕು. ಡಬ್ಬಿ ಮ್ಯಾಲ ಬರ್ದಿರ್ತಾರ, ಓದು. ನನ್ನ ಚಷ್ಮಾ ಮನ್ಯಾಗ ಉಳೀತು."

"ಪ್ರಾಣಿದ ಅಲ್ರಿ ಖಾಲಾ ಇದು. ನಮ್ಮತ್ತಿ ದಿನಾ ಕುಡೀತಾರ. ಲಿಂಗಕ್ಕ ತೋರ್ಸದ ನೀರೂ ಕುಡಿಯೂದಿಲ್ಲ ಅವ್ರು," ಎಂದು ನಗುತ್ತಲೇ ಭಾಗ್ಯಶ್ರೀ ಡಬ್ಬಿಯನ್ನು ತಿರುವಿ ಹಿಡಿದಳು.

ಮುಂದುಗಡೆ ಗುಲಾಬಿ ಹೂವು, ನಗುವ ಹುಡುಗಿ. ಹಿಂದುಗಡೆ ಇರುವೆಯಷ್ಟು ಸಣ್ಣ ಅಕ್ಷರ. ಮೀನಿನ ಚರ್ಮ ಮತ್ತು ಹುರುಪೆಯಿಂದ ತೆಗೆದದ್ದು, ಎಂದಿತ್ತು. ಪಕ್ಕದಲ್ಲಿ ಕಂದು ಬಣ್ಣದ ಚೌಕ, ಅದರೊಳಗೆ ಕಂದು ತ್ರಿಕೋನ. ಅದು ಮಾಂಸಾಹಾರದ ಗುರುತು ಎಂದು ಸಾಲೆಯ ಮಕ್ಕಳಿಗೂ ಗೊತ್ತು. ಅವಳು ಎರಡನೆಯ ಸಲ ಓದಿದಳು, ಮೂರನೆಯ ಸಲವೂ ಓದಿದಳು. ಅಕ್ಷರಗಳೇನೂ ಬದಲಾಗಲಿಲ್ಲ.

"ಮೀನಿಂದ ಮಾಡಿದ್ದಂತ್ರಿ," ಎಂದಳು.

"ಮೀನಾ? ಅಲ್ಹಮ್ದುಲಿಲ್ಲಾ. ಮೀನು ನಡೀತೈತಿ ನಮಗ. ಒಂದು ಡಬ್ಬಿ ಕಟ್ಟು," ಎಂದು ರೆಹಮತ್‌ಬಿ ನಿರಾಳವಾಗಿ ದುಪಟ್ಟಾ ಹೊದ್ದುಕೊಂಡಳು.

ಭಾಗ್ಯಶ್ರೀ ಡಬ್ಬಿ ಕಟ್ಟಿಕೊಟ್ಟಳು. ಆಮೇಲೆ ಒಳಗಿನ ಕೋಣೆಗೆ ಹೋಗಿ, ತಲೆ ತೊಳೆಯುವ ಬೇಸಿನ್ನಿನ ಅಂಚು ಹಿಡಿದು ನಿಂತಳು. ಅತ್ತೆ ಬಾಳವ್ವ ಮೂರು ತಿಂಗಳಿಂದ ದಿನಾ ಮುಂಜಾನೆ ಈ ಪುಡಿಯನ್ನು ಹಾಲಿಗೆ ಬೆರೆಸಿ, ಅಂಗೈಯ ಮೇಲಿನ ಇಷ್ಟಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದಳು. ಕುಡಿದದ್ದಾದರೆ ಬಾಯಿ ಮುಕ್ಕಳಿಸಿ ಉಗುಳಬಹುದಿತ್ತೋ ಏನೋ. ಲಿಂಗಕ್ಕೆ ತೋರಿಸಿದ್ದನ್ನು ಎಲ್ಲಿ ಉಗುಳುವುದು?

ಡಬ್ಬಿಯ ಹಿಂಭಾಗ ಓದಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಪಾರ್ಲರಿನಲ್ಲಿ ಎಲ್ಲರೂ ನೋಡಿದ್ದು ಮುಂದಿನ ಹೂವನ್ನಷ್ಟೇ; ಮನೆಯಲ್ಲಾದರೂ ಓದಬಹುದಿತ್ತು ಎನ್ನುವವರಿಗೆ ಬಾಳವ್ವನ ಮನೆಯ ರೀತಿ ಗೊತ್ತಿಲ್ಲ. ಮುಗದ ಎಂಬ ಹಳ್ಳಿಯಲ್ಲಿ ಎತ್ತು, ಹೊಲ ನೋಡಿಕೊಂಡು ಬಾಳಿದ ಆಕೆ ಗಂಡ ತೀರಿದ ಮೇಲೆ ಮಗನ ಜೊತೆ ನವನಗರಕ್ಕೆ ಬಂದರೂ ತನ್ನ ಅಡುಗೆಮನೆಯ ಮಡಿಯನ್ನು ಸರಿಸಲಿಲ್ಲ. ಅಂಗಡಿಯ ಪೊಟ್ಟಣ, ಡಬ್ಬಿ ಯಾವುದೂ ಹೊಸ್ತಿಲು ದಾಟುವಂತಿಲ್ಲ. ಎಷ್ಟು ಮಂದಿ ಮುಟ್ಟಿದ್ದೋ ಏನೋ. ಸಕ್ಕರೆಯಿರಲಿ, ಜೀರಿಗೆಯಿರಲಿ, ಬಾಗಿಲಲ್ಲೇ ನಿಂತು ತೊಳೆದ ಸ್ಟೀಲಿನ ಡಬ್ಬಿಗೆ ಸುರಿದುಕೊಂಡು, ಹೊರಗಿನದನ್ನು ಹೊರಗೇ ಎಸೆಯಬೇಕು. ಪುಡಿಯನ್ನೂ ಹಾಗೆಯೇ ಸುರಿದುಕೊಂಡಿದ್ದರು. ಗುರುತಿದ್ದ ಡಬ್ಬಿ ಕಸದ ಗಾಡಿಗೆ ಹೋಗಿತ್ತು, ಗುರುತಿಲ್ಲದ ಪುಡಿ ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕ ಕೂತಿತ್ತು.

ಭಾಗ್ಯಶ್ರೀ ಹುಬ್ಬಳ್ಳಿಯ ಮರಾಠಾ ಗಲ್ಲಿಯ ಹುಡುಗಿ. ಆಯಿತವಾರ ಬಂತೆಂದರೆ ಕಾರವಾರದಿಂದ ಬಂದ ಬಂಗಡೆ ಮೀನಿನ ವಾಸನೆ ಓಣಿಗೆಲ್ಲ ಹಬ್ಬುವ ಮನೆಯಲ್ಲಿ ಬೆಳೆದವಳು. ಅಮರಗೋಳದ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ದುಡಿಯುವ ಬಸವಕಿರಣನನ್ನು ಮೆಚ್ಚಿ, ರಿಜಿಸ್ಟರ್ ಮದುವೆಯಾಗಿ ಬಂದಾಗ ಬಾಳವ್ವ ಬಾಗಿಲು ತೆರೆದಳು, ಆದರೆ ಒಲೆ ಕೊಡಲಿಲ್ಲ. ಎರಡು ವರ್ಷ ತನ್ನ ರೊಟ್ಟಿ ತಾನೇ ಬಡಿದುಕೊಂಡಳು. "ಲಿಂಗ ಕಟ್ಟಿಸಿಕೋ ಅಂತ ನಾ ಜುಲುಮಿ ಮಾಡೂದಿಲ್ಲ. ಮನಸಾದಾಗ ನೋಡೂಣು," ಎಂದದ್ದು ಬಿಟ್ಟರೆ ಮತ್ತೇನೂ ಆಡಲಿಲ್ಲ. ಮೀನು ಬಿಡು ಎಂದು ಯಾರೂ ಹೇಳದಿದ್ದರೂ ಭಾಗ್ಯಶ್ರೀ ಬಿಟ್ಟಳು. ತವರಿಗೆ ಹೋದಾಗಲೂ ಮೊಸರನ್ನ ಉಂಡು ಎದ್ದು ಬರುತ್ತಿದ್ದಳು. ಮೂರನೆಯ ವರ್ಷ ಬಾಳವ್ವನಿಗೆ ಮಲೇರಿಯಾ ಬಂದು, ಏಳಲಾಗದೆ, ಸೊಸೆಯ ಕೈಯ ಗಂಜಿ ಕುಡಿದಳು. ಅಲ್ಲಿಂದ ಒಲೆ ಇಬ್ಬರದಾಯಿತು. ಹೀಗೆ ಒಂದೊಂದೇ ಕಾಳು ಕೂಡಿಸಿದಂತೆ ಕೂಡಿಸಿದ ವಿಶ್ವಾಸ ಅದು. ಈಗ ಈ ಸುದ್ದಿ ಹೊರಬಿದ್ದರೆ ಮಂದಿ ಏನು ಅಂದಾರು? ಮೀನು ತಿನ್ನುವವರ ಮನೆಯ ಹುಡುಗಿ, ಬೇಕೆಂತಲೇ ಅತ್ತೆಯ ಕುಲ ಕೆಡಿಸಿದಳು ಎಂದಾರು. ಮಂದಿಯ ಮಾತು ಹಾಳಾಗಿ ಹೋಗಲಿ, ಅತ್ತೆಯೇ ಹಾಗೆ ಅಂದುಕೊಂಡರೆ?

ಪುಡಿ ತಂದದ್ದಾದರೂ ಯಾತಕ್ಕೆ? ಬಾಳವ್ವನ ಮೊಣಕಾಲಿಗೆ. ಒಂದು ವರ್ಷದಿಂದ ಆಕೆಗೆ ನೆಲಕ್ಕೆ ಕೂರಲಾಗುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಲಿಂಗಪೂಜೆ ಮಾಡಬೇಕಾಗಿ ಬಂದಾಗ, "ಶಿವನ ಮುಂದ ಸಾಹೇಬನಗತೆ ಕುಂಡ್ರೂದಾತಲ್ಲ," ಎಂದು ಕಣ್ಣೀರು ತೆಗೆದಿದ್ದಳು. ಎಲುಬಿನ ಡಾಕ್ಟರು ಕಾಲು ಚಾಚಿ ಎತ್ತುವ ವ್ಯಾಯಾಮ ಹೇಳಿಕೊಟ್ಟಿದ್ದರು. ಭಾಗ್ಯಶ್ರೀ ದಿನಾ ಸಂಜೆ ಎಣ್ಣೆ ತಿಕ್ಕಿ, ಅತ್ತೆಯ ಹಿಮ್ಮಡಿ ಹಿಡಿದು, ಇಪ್ಪತ್ತು ಎಣಿಸುವವರೆಗೆ ಕಾಲು ಎತ್ತಿಸುತ್ತಿದ್ದಳು. ಪುಡಿಯ ಬಗ್ಗೆ ಕೇಳಿದಾಗ ಡಾಕ್ಟರು, "ಹೊಟ್ಟಿಗೆ ಹೋದ ಮ್ಯಾಲ ಅದೂ ಬ್ಯಾಳಿಯಂಗ ಕರಗಿ ಹೋಗ್ತೈತ್ರಿ. ಕೆಲವ್ರಿಗೆ ಆರಾಮ ಅನಿಸ್ತೈತಿ. ಅದರಿಂದನ ಅಂತ ಖಾತ್ರಿ ಹೇಳಾಕ ಆಗೂದಿಲ್ಲ," ಎಂದಿದ್ದರು. ಯಾವುದರಿಂದಲೋ ಏನೋ, ಶ್ರಾವಣದ ಹೊತ್ತಿಗೆ ಬಾಳವ್ವ ಮತ್ತೆ ನೆಲಕ್ಕೆ ಕೂತಳು. ಓಣಿಯ ತುಂಬ ಸೊಸೆಯ ಪುಡಿಯ ಗುಣಗಾನ ಮಾಡಿಕೊಂಡು ಬಂದಳು.

ಸಂಜೆ ಚಿಗರಿ ಬಸ್ಸಿನಲ್ಲಿ ನಿಂತೇ ಬಂದಳು ಭಾಗ್ಯಶ್ರೀ. ಮನೆಗೆ ಬಂದು ಚಹಾ ಮಾಡಿದಳು, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದಳು. ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಬೇರೇನೋ ಮಾತಾಡಿದಳು. ಬಸವಕಿರಣ ಬಂದ ಮೇಲೆ ಅವನನ್ನು ಹಿತ್ತಿಲಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು. ಅವನು ತಲೆ ಕೆರೆದುಕೊಂಡ.

"ಹೇಳಬ್ಯಾಡ. ಕಂಪನಿಯವ್ರು ಮಾಡೂದು ಬಂದ್ ಮಾಡ್ಯಾರ, ಇನ್ನ ಸಿಗೂದಿಲ್ಲ ಅಂದ್ಬಿಡು. ಡಬ್ಬಿ ಖಾಲಿ ಮಾಡಿ ಇಡು. ಎಪ್ಪತ್ತರ ಹತ್ರ ಬಂದಾಳ, ಸುಮ್ನ ಯಾಕ ಆಕಿ ಜೀವಕ್ಕ ಸಂಕಟ?"

"ಆಕಿ ಜೀವಕ್ಕೊ, ನಮ್ಮ ಜೀವಕ್ಕೊ?"

"ಎರಡೂ ಅನಕೋ," ಎಂದ ಅವನು. ಕೆಟ್ಟವನಲ್ಲ. ಜಗಳ ಕಂಡರೆ ದೂರದಿಂದಲೇ ಕೈಮುಗಿಯುವವನು.

ಭಾಗ್ಯಶ್ರೀಗೂ ಅದೇ ಸರಿ ಅನಿಸಿತು. ಬೆಳಿಗ್ಗೆ ಅತ್ತೆ ಜಳಕಕ್ಕೆ ಹೋದಾಗ ಡಬ್ಬಿ ಬರಿದು ಮಾಡಿಬಿಡುವುದು ಎಂದು ಗಟ್ಟಿ ಮಾಡಿಕೊಂಡಳು. ಆದರೆ ಆವತ್ತು ಅವಳು ಎದ್ದು ಬರುವಷ್ಟರಲ್ಲಿ ಬಾಳವ್ವನ ಜಳಕ ಆಗಿಹೋಗಿತ್ತು. ಹಣೆಗೆ ವಿಭೂತಿ ಬಡಿದುಕೊಂಡು, ಹಾಲು ತಾನೇ ಕಾಸಿ, ಪುಡಿ ತಾನೇ ಬೆರೆಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎಡಗೈಯ ಅಂಗೈಯಲ್ಲಿ ಲಿಂಗ, ಮೇಲೆ ಒಂದು ಬಿಲ್ವದೆಲೆ. ಬಲಗೈ ಹಾಲಿನ ಲೋಟಕ್ಕೆ ಹೋಯಿತು.

ಸುಮ್ಮನಿದ್ದರೆ ಇದೊಂದು ದಿನ. ನಾಳೆಯಿಂದ ಇರುವುದಿಲ್ಲ. ತೊಂಬತ್ತು ದಿನ ಆದದ್ದು ತೊಂಬತ್ತೊಂದಾದರೆ ಏನು ವ್ಯತ್ಯಾಸ? ಹೀಗೆಲ್ಲ ಲೆಕ್ಕ ಹಾಕುತ್ತ ನಿಂತಿದ್ದ ಭಾಗ್ಯಶ್ರೀಯ ಬಾಯಿಂದ ಮಾತು ತಾನೇ ಹೊರಗೆ ಬಿತ್ತು.

"ಅತ್ತಿ, ತೋರ್ಸಬ್ಯಾಡ್ರಿ ಅದನ್ನ."

ಬಾಳವ್ವ ಕಣ್ಣು ತೆರೆದಳು. ಪೂಜೆಯ ನಡುವೆ ಯಾರೂ ಮಾತಾಡಿಸುವ ರೂಢಿಯಿರಲಿಲ್ಲ.

"ಯಾಕ?"

"ಅದು ಮೀನಿಂದ ಮಾಡಿದ್ದ್ರಿ. ಮೀನಿನ ಚರ್ಮದ್ದು."

ಬಾಳವ್ವ ಲೋಟವನ್ನು ಕೆಳಗಿಟ್ಟಳು. ಅಂಗೈಯ ಲಿಂಗವನ್ನು ಒಮ್ಮೆ ನೋಡಿದಳು, ಸೊಸೆಯ ಮುಖವನ್ನು ಒಮ್ಮೆ ನೋಡಿದಳು. ಹೊರಗೆ ಹಾಲಿನವನ ಗಾಡಿ ಹಾರ್ನು ಹೊಡೆಯುತ್ತ ಹೋಯಿತು.

"ನಿನಗ ಮೊದಲ ಗೊತ್ತಿತ್ತೇನು?"

"ಇಲ್ರಿ. ನಿನ್ನಿ ಗೊತ್ತಾತು. ರೆಹಮತ್‌ಬಿ ಅಂತ ಒಬ್ರು ಬರ್ತಾರ, ಯಾವ ಪ್ರಾಣಿದು ಅಂತ ಕೇಳಿದ್ರು. ಆವಾಗ ಓದಿದ್ನಿ."

"ನಿನ್ನಿ ಎಷ್ಟೊತ್ತಿಗೆ?"

"ಹನ್ನೊಂದಕ್ರಿ."

"ಸಂಜಿಮುಂದ ಬಂದಿ. ಚಾ ಕೊಟ್ಟಿ. ಎಣ್ಣಿ ತಿಕ್ಕಿದಿ. ಹೇಳಲಿಲ್ಲ."

"ಅಂಜಿಕಿ ಬಂತ್ರಿ."

"ಯಾರದು? ಶಿವಂದೊ, ನಂದೊ?"

"ನಿಮ್ದ್ರಿ," ಎಂದು ಭಾಗ್ಯಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಾಳವ್ವ ಬಿಲ್ವದೆಲೆಯನ್ನು ತೆಗೆದಿಟ್ಟಳು. ಲಿಂಗವನ್ನು ನೀರಿನಿಂದ ತೊಳೆದಳು. ಮತ್ತೆ ತೊಳೆದಳು. ಒರೆಸಿ, ವಿಭೂತಿ ಹಚ್ಚಿ, ಅದೂ ಸಾಲದೆ ಮೂರನೆಯ ಸಲ ತೊಳೆದಳು. ಸೊಸೆಗೆ ಅದನ್ನು ನೋಡಲಾಗಲಿಲ್ಲ. ಬೈದಿದ್ದರೆ, ತಲೆ ತಲೆ ಬಡಿದುಕೊಂಡು ಅತ್ತಿದ್ದರೆ ಎಷ್ಟೋ ಚಲೋ ಇತ್ತು. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಲೋಟದ ಹಾಲನ್ನು ಒಯ್ದು ಮೋರಿಗೆ ಸುರಿದು ಬಂದಳು.

ಮೂರು ದಿನ ಬಾಳವ್ವ ಬೇಯಿಸಿದ್ದನ್ನು ಮುಟ್ಟಲಿಲ್ಲ. ಬಾಳೆಹಣ್ಣು, ನೀರು, ಅಷ್ಟೇ. ನೀರನ್ನೂ ತಾನೇ ತುಂಬಿಕೊಂಡಳು. ಭಾಗ್ಯಶ್ರೀ ಮುಂದೆ ಹಿಡಿದ ಲೋಟವನ್ನು ನೋಡಿ, "ಅಲ್ಲೇ ಇಡು," ಎಂದಳು. ಇಟ್ಟದ್ದು ಇಟ್ಟಲ್ಲೇ ಇತ್ತು. ಸಂಜೆ ಎಣ್ಣೆಯ ಬಟ್ಟಲು ಹಿಡಿದು ಹೋದರೆ ಮಗ್ಗುಲು ಬದಲಿಸಿ ಗೋಡೆಯ ಕಡೆ ಮುಖ ಮಾಡಿದಳು. ಬಸವಕಿರಣ, "ನಾ ಹೇಳಿದ್ದು ಕೇಳಿದ್ರ..." ಎಂದು ಶುರು ಮಾಡಿದವನು ಹೆಂಡತಿಯ ಮುಖ ಕಂಡು ಮಾತನ್ನು ನುಂಗಿದ. ಪಾರ್ಲರಿನಲ್ಲಿ ಭಾಗ್ಯಶ್ರೀ ಗಿರಾಕಿಗಳಿಗೆ ಮೊದಲು ಡಬ್ಬಿಯ ಹಿಂಭಾಗ ತೋರಿಸಿ ಆಮೇಲೆ ಹಗ್ಗದ ಮಾತು ಹೇಳತೊಡಗಿದಳು. ಕೆಲವರು ಕೊಂಡರು, ಕೆಲವರು ಮೂಗು ಮುರಿದು ಎದ್ದರು. ಒಡತಿ ಮೃಣಾಲಿನಿ ಮೇಡಂ, "ನಿನಗೇನು ಹುಚ್ಚು ಹಿಡದದೇನ?" ಎಂದು ಕೇಳಿದರು. ಹಿಡಿದಿದ್ದರೂ ಇರಬಹುದು ಎಂದುಕೊಂಡಳು. ಮನೆಯಲ್ಲಿ ಎಂಟು ವರ್ಷದ ಬಾಳು ಒಂದು ಲೋಟದಲ್ಲಿ ಮುಳುಗಿ ಹೋಗುತ್ತಿರುವಾಗ ಇಲ್ಲಿ ಕೆಲಸ ಉಳಿದರೆಷ್ಟು, ಹೋದರೆಷ್ಟು?

ನಾಲ್ಕನೆಯ ದಿನ ಸೋಮವಾರ. ವಿದ್ಯಾನಗರದಲ್ಲಿರುವ ಬಾಳವ್ವನ ಮಗಳು ದಾಕ್ಷಾಯಿಣಿ ತಾಯಿಯನ್ನು ನೋಡಲು ಬಂದಳು. ಈ ಮದುವೆ ಬೇಡವೇ ಬೇಡ ಎಂದು ಆ ಕಾಲಕ್ಕೆ ಮೂರು ತಿಂಗಳು ತಮ್ಮನ ಜೊತೆ ಮಾತು ಬಿಟ್ಟಿದ್ದವಳು. ಬಂದವಳೇ ತಾಯಿಯ ಬಾಡಿದ ಮುಖ ನೋಡಿದಳು, ಜಗಲಿಯ ಮೇಲೆ ಪುಡಿಯ ಡಬ್ಬಿ ಇಲ್ಲದ್ದನ್ನೂ ನೋಡಿದಳು. ಅಂಥ ಕಣ್ಣು ಅವಳದು.

"ಯಾಕ ಯವ್ವಾ, ಮಾರಿ ಹಿಂಗ ಇಳಿದೈತಿ? ಪುಡಿ ಬಿಟ್ಟಿಯೇನು? ಅಷ್ಟು ಛಲೋ ಆಗಾಕತ್ತಿತ್ತು."

ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಭಾಗ್ಯಶ್ರೀಯ ಕೈ ನಿಂತಿತು. ದಾಕ್ಷಾಯಿಣಿ ಧ್ವನಿ ತಗ್ಗಿಸಿದಳು, ಆದರೆ ಕೇಳದಷ್ಟು ತಗ್ಗಿಸಲಿಲ್ಲ.

"ಏನಾರ ಆಗೇತೇನು? ಆಕಿ ಏನಾರ ಕಲಸಿ ಕೊಟ್ಟಾಳೇನು? ನೋಡವಾ, ಎಷ್ಟಂದ್ರೂ ಆ ಮಂದಿ..."

"ಯಾವ ಮಂದಿ?" ಎಂದಳು ಬಾಳವ್ವ.

ದಾಕ್ಷಾಯಿಣಿ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದಳು.

"ಪುಡಿ ನನ್ನ ಬಾಯಿಗೆ ಬ್ಯಾಡಾತು, ಬಿಟ್ಟೆ. ಮೊಣಕಾಲು ಪುಡಿಯಿಂದ ಛಲೋ ಆಗಿಲ್ಲ. ದಿನಾ ಸಂಜಿಗೆ ದುಡದು ಬಂದು, ನಿಂತ ಕಾಲ ಮ್ಯಾಲ ನನ್ನ ಕಾಲು ಹಿಡದು ತಿಕ್ಕತಾಳ ಆಕಿ. ನೀ ಎಂದರ ತಿಕ್ಕಿದ್ದೀ? ಸುಮ್ನ ಕುಂಡ್ರು." ಆಮೇಲೆ ಒಳಗಿನವಳಿಗೆ ಕೇಳುವಂತೆ ಧ್ವನಿ ಏರಿಸಿದಳು. "ಭಾಗ್ಯಾ, ನನಗೂ ಎರಡು ರೊಟ್ಟಿ ಬಡಿ. ಹಸಿವಿ ಆಗೇತಿ."

ಭಾಗ್ಯಶ್ರೀ ರೊಟ್ಟಿ ಬಡಿದಳು. ಒಂದು ಹರಿಯಿತು, ಒಂದು ಸೀದಿತು. ಎಂಟು ವರ್ಷದಲ್ಲಿ ಅಷ್ಟು ಕೆಟ್ಟ ರೊಟ್ಟಿ ಅವಳು ಮಾಡಿರಲಿಲ್ಲ. ಬಾಳವ್ವ ಲಿಂಗಕ್ಕೆ ತೋರಿಸಿ, ಸೀದದ್ದನ್ನೂ ಬಿಡದೆ ಉಂಡಳು.

ದಾಕ್ಷಾಯಿಣಿ ಹೋದ ಮೇಲೆ ಬಾಳವ್ವ ಹಿತ್ತಿಲಲ್ಲಿ ಭಾಂಡೆ ತಿಕ್ಕುತ್ತಿದ್ದ ಸೊಸೆಯ ಹತ್ತಿರ ಬಂದು ಮೆಟ್ಟಿಲ ಮೇಲೆ ಕೂತಳು. ಕೂರುವಾಗ ಮೊಣಕಾಲು ಸ್ವಲ್ಪ ನೊಂದಿರಬೇಕು, ಗೋಡೆ ಹಿಡಿದಳು.

"ನಿನ್ನ ಮ್ಯಾಲ ಸಿಟ್ಟಿತ್ತು, ಇಲ್ಲ ಅನ್ನೂದಿಲ್ಲ. ಆಮ್ಯಾಲ ನನ್ನ ಮ್ಯಾಲ ನನಗ ಸಿಟ್ಟು ಬಂತು. ಕಾಲು ಛಲೋ ಆತಂತ ಹಿಗ್ಗಿನಿ, ಎದರಿಂದ ಮಾಡ್ಯಾರಂತ ಒಂದ ದಿನಾರ ಕೇಳಿದ್ನೇನು? ಆ ರೆಹಮತ್‌ಬಿ ಕೇಳಿದ್ದು ನಾ ಕೇಳಬೇಕಿತ್ತು. ಡಬ್ಬಿ ಹೊರಗ ಎಸದು ಮಡಿ ಮಾಡೀನಿ ಅನಕೊಂಡ್ನಿ."

"ತಪ್ಪಾತ್ರಿ ಅತ್ತಿ."

"ಆತು. ಶಿವನ ಮುಂದ ಮೂರು ದಿನ ಕೈ ಮುಗದು ಬಿದ್ದೀನಿ. ಅಂವ ತಿಳಕೊಂಡಾನು." ಬಾಳವ್ವ ನೀರಿನ ತಂಬಿಗೆಯನ್ನು ಹತ್ತಿರ ಎಳೆದುಕೊಂಡಳು. "ಒಂದು ಕೇಳ್ತೇನಿ, ಖರೇ ಹೇಳು. ಈ ಮನಿಗೆ ಬಂದ ಮ್ಯಾಲ ನೀ ಮೀನು ತಿಂದಿಲ್ಲ, ಹೌದಲ್ಲ?"

ಭಾಗ್ಯಶ್ರೀ ತಲೆಯಾಡಿಸಿದಳು.

"ನಾ ಬಿಡು ಅಂದಿದ್ನೇನು?"

"ಇಲ್ರಿ."

"ತವರುಮನ್ಯಾಗೂ ತಿಂದಿಲ್ಲ?"

"ಇಲ್ರಿ."

"ಆಸಿ ಆಗ್ಲಿಲ್ಲೇನು?"

ಎಂಟು ವರ್ಷದಲ್ಲಿ ಯಾರೂ ಕೇಳದ ಮಾತು. ಗಂಡನೂ ಕೇಳಿರಲಿಲ್ಲ. ಭಾಗ್ಯಶ್ರೀ ಪಾತ್ರೆ ತಿಕ್ಕಿದ ಬೂದಿಗೈಯಿಂದಲೇ ಕಣ್ಣು ಒರೆಸಿಕೊಂಡು, ಕಣ್ಣುರಿ ತಾಳದೆ ಇನ್ನಷ್ಟು ಅತ್ತಳು. ಬಾಳವ್ವ ತಂಬಿಗೆಯ ನೀರು ಹಾಕಿ ಸೊಸೆಯ ಮುಖ ತೊಳೆದಳು.

"ಮೂರು ತಿಂಗಳು ನನಗ ಗೊತ್ತಿಲ್ಲದ ಕುಡದು ಇಷ್ಟು ಸಂಕಟ ಪಟ್ನಿ. ನೀ ಗೊತ್ತಿದ್ದು ಎಂಟು ವರ್ಷ ಬಿಟ್ಟಿ, ಒಂದ ಮಾತು ಆಡಲಿಲ್ಲ. ನನಗೂ ತಿಳೀಲಿಲ್ಲ. ನೀ ಇನ್ನ ಲಿಂಗ ಕಟ್ಟಿಸಿಕೊಂಡಾಕಿ ಅಲ್ಲ. ಬರೂ ಆಯಿತವಾರ ನಿಮ್ಮವ್ವನ ಮನಿಗೆ ಹೋಗು. ಹೊಟ್ಟಿ ತುಂಬ ಉಂಡು ಬಾ. ಬಂದ ಮ್ಯಾಲ ಜಳಕ ಮಾಡಿ ಅಡಗಿಮನಿಗೆ ಬಾ, ಅಷ್ಟ."

ಆಯಿತವಾರ ಮರಾಠಾ ಗಲ್ಲಿಯ ಮನೆಯಲ್ಲಿ ಭಾಗ್ಯಶ್ರೀಯ ತಾಯಿ ರೂಢಿಯಂತೆ ಮೊಸರಿನ ಪಾತೆಲೆ ತೆಗೆದಿಟ್ಟಿದ್ದಳು. ಮಗಳು ಅದನ್ನು ಸರಿಸಿ, "ಆಯಿ, ನನಗೂ ಮೀನು ಹಾಕು," ಎಂದಾಗ ಆಕೆಯ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಯಾಕ? ಅತ್ತಿ ಜೋಡಿ ಜಗಳ ಆತೇನು?"

"ಇಲ್ಲ. ಅವ್ರ ಕಳಿಸ್ಯಾರ."

ತಾಯಿ ನಂಬಲಿಲ್ಲ. ಆದರೂ ಬಂಗಡೆಯ ದೊಡ್ಡ ತುಂಡನ್ನೇ ಆರಿಸಿ ಬಡಿಸಿದಳು. ಭಾಗ್ಯಶ್ರೀ ತಟ್ಟೆಯ ಮುಂದೆ ಕೂತಳು. ಕೊಬ್ಬರಿಯ ಕೆಂಪು ಸಾರಿನ ಆ ವಾಸನೆಗೆ ಬಾಯಲ್ಲಿ ನೀರು ಬಂತು, ಕೈ ಮಾತ್ರ ಮುಂದೆ ಹೋಗಲಿಲ್ಲ. ತಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಎದುರಿಗೇ ಕೂತು ನೋಡುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು. ಬಾಳವ್ವನದು.

"ಉಂಡಿ?"

"ತಾಟಿನ ಮುಂದ ಕುಂತೇನ್ರಿ ಅತ್ತಿ."

"ಮತ್ತ ಯಾಕ ಸುಮ್ನ ಕುಂತಿ? ಆರಿ ಹೋಗ್ತೈತಿ." ಆಮೇಲೆ ಮೀನನ್ನು ಕಣ್ಣೆತ್ತಿಯೂ ನೋಡದ ಆ ಮುದುಕಿ, ಕೂಸಿಗೆ ಹೇಳುವ ಧ್ವನಿಯಲ್ಲಿ ಹೇಳಿದಳು. "ಮುಳ್ಳು ನೋಡಿ ತಿನ್ನವಾ. ರೂಢಿ ತಪ್ಪೈತಿ ನಿನಗ."

ಭಾಗ್ಯಶ್ರೀ ಫೋನನ್ನು ನೆಲದ ಮೇಲಿಟ್ಟಳು. ಮೀನನ್ನು ಮುರಿದು, ಒಂದು ತುಣುಕನ್ನು ಎರಡು ಬೆರಳ ನಡುವೆ ಹಿಡಿದು, ಮುಳ್ಳಿದೆಯೋ ಎಂದು ಮೆಲ್ಲಗೆ ಒತ್ತಿ ನೋಡಿದಳು.